ಎಳೆ ನೋಡುವ ಬೆರಳು

ಉಮಾಶ್ರೀ ಧಾರವಾಡದಲ್ಲಿ ಎಂಬಿಎ ಓದುತ್ತಿದ್ದಳು. ಮನಸ್ಸು ಮಾತ್ರ ಹುಬ್ಬಳ್ಳಿಯ ತನ್ನ ಅಪ್ಪ ರಾಜಶೇಖರರ ಹತ್ತಿ ಅಂಗಡಿಯಲ್ಲೇ. ಮೇಷ್ಟ್ರು ಮಾರುಕಟ್ಟೆಯ ಪಾಠ ಮಾಡುತ್ತಿದ್ದರೆ ಈ ಮಹಾರಾಯ್ತಿ ಕಿಟಕಿಯಾಚೆಯ ಮೋಡ ನೋಡುತ್ತ, ಇದು ಯಾವ ಊರಿನ ಹತ್ತಿಯೋ, ಎಳೆ ಗಟ್ಟಿಯೋ ಜೊಳ್ಳೋ ಎಂದು ಯೋಚಿಸುತ್ತ ಕೂರುವಳು. ಚಿಟಿಕೆ ಹತ್ತಿಯನ್ನು ಎರಡೂ ಕೈಗಳ ಬೆರಳಲ್ಲಿ ಮೆಲ್ಲಗೆ ಜಗ್ಗಿ ಗುಣ ಹೇಳುವುದನ್ನು ಚಿಕ್ಕವಳಿದ್ದಾಗಲೇ ಅಪ್ಪನ ಪಕ್ಕ ನಿಂತು ಕಲಿತಿದ್ದಳು. ನಿಂತೇ ಕಲಿತದ್ದು. ಆ ಅಂಗಡಿಯಲ್ಲಿ ವ್ಯಾಪಾರಕ್ಕೆ ಕೂರುವ ಗಾದಿಯ ಮೇಲೆ ಹೆಣ್ಣುಮಕ್ಕಳು ಕೂತದ್ದಿಲ್ಲ.

"ನೀ ಕಲ್ತು ಎ.ಸಿ. ಖೋಲ್ಯಾಗ ಕುರ್ಚಿ ಮ್ಯಾಲ ಕುಂದ್ರಾಕಿ. ಈ ಧೂಳಾಗ ಯಾಕವ್ವಾ?" ಎನ್ನುವರು ಅಪ್ಪ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪ್ರೀತಿಯಿಂದ ಹೇಳಿದ ಮಾತಿಗೆ ಏನು ಎದುರಾಡುವುದು?

ಕೊನೆಯ ವರ್ಷ ಹಾಸಿಗೆ-ದಿಂಬಿನ ಕಂಪನಿಯೊಂದು ಸಂದರ್ಶನಕ್ಕೆ ಬಂತು. ರಜನಿ ಎಂಬ ಅಧಿಕಾರಿ ಮೇಜಿನ ಮೇಲೆ ದಿಂಬೊಂದನ್ನಿಟ್ಟು, ಇದನ್ನು ಹೇಗೆ ಮಾರುತ್ತೀ ಎಂದು ಕೇಳಿದರು. ಉಮಾಶ್ರೀಯ ಬೆರಳು ತಾನಾಗಿಯೇ ದಿಂಬಿನ ಮೂಲೆಯ ಹೊಲಿಗೆ ಬಿಚ್ಚಿ ಚಿಟಿಕೆ ಹತ್ತಿ ಎಳೆಯಿತು. ಕೋಣೆ ಮರೆಯಾಗಿ, ಧಾರವಾಡದ ಹತ್ತಿರದ ಹೆಬ್ಬಳ್ಳಿಯ ಕರಿ ಹೊಲದಲ್ಲಿ ಕಾಯಿ ಬಿರಿದು ಬೆಳ್ಳಗೆ ನಿಂತ ಗಿಡಗಳು ಕಣ್ಣ ಮುಂದೆ ಬಂದವು. ಕಲಿತ ಇಂಗ್ಲಿಷೆಲ್ಲ ಎಲ್ಲಿಗೋ ಹೋಯಿತು.

"ಮಾರೂದಿಲ್ರಿ. ಇದರಾಗ ಗಿರಣಿ ಕಸ ಕೂಡ್ಸ್ಯಾರ. ನಿಮಗ ಹತ್ತಿ ಕೊಟ್ಟಾಂವ ಮೋಸ ಮಾಡ್ಯಾನ್ರಿ."

ರಜನಿ ಬಹಳ ಹೊತ್ತು ನಕ್ಕರು. ಆಮೇಲೆ ಹತ್ತಿ ಖರೀದಿಯ ಕೆಲಸವನ್ನೇ ಕೊಟ್ಟರು, ಕೊಯಮತ್ತೂರಿನಲ್ಲಿ.

ಮರುದಿನ ಅಂಗಡಿಯಲ್ಲಿ ಕೆಲಸದ ಪತ್ರ ಓದಿ ಅಪ್ಪ ಕಣ್ಣೊರೆಸಿಕೊಂಡರು. ಹೋಗಬೇಡ ಎನ್ನಲಿ ಎಂದು ಕಾದಿದ್ದವಳಿಗೆ ಆ ಸಂತೋಷ ನೋಡಿ ದುಃಖ ಒತ್ತಿ ಬಂತು. ಅಷ್ಟರಲ್ಲಿ ಸುಳ್ಳ ಗ್ರಾಮದ ರೈತ ಹನಮೇಶ ಹತ್ತಿಯ ಮಾದರಿ ತಂದ. ಅಪ್ಪ ಚಿಟಿಕೆ ಜಗ್ಗಿ, "ಎಳಿ ಗಟ್ಟಿ ಇಲ್ಲ ತಮ್ಮಾ" ಎಂದರು. ಹನಮೇಶನ ಮುಖ ಬಾಡಿತು. ಉಮಾಶ್ರೀ ತಾನೂ ಜಗ್ಗಿ ನೋಡಿದಳು. ಇಷ್ಟು ಒಳ್ಳೆಯ ಹತ್ತಿ ಈ ವರ್ಷ ಬಂದಿರಲಿಲ್ಲ.

"ಅಪ್ಪಾ, ಗಟ್ಟಿ ಐತ್ರಿ."

ಅಪ್ಪ ಹನಮೇಶನನ್ನು ಚಹಾಕ್ಕೆ ಕಳಿಸಿದರು. ಆಮೇಲೆ ತಮ್ಮ ಬೆರಳುಗಳನ್ನೇ ನೋಡುತ್ತ ಹೇಳಿದರು. "ಸಕ್ರಿ ಬ್ಯಾನಿ. ಜೋಮು ಹಿಡದು ವರ್ಷ ಆತು. ಬರೇ ಅಂದಾಜಿನ ಮ್ಯಾಲ ನಡಸೇನಿ."

"ನನಗ್ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಇಲ್ಲೇ ಉಳೀತಿದ್ದಿ."

"ಇಲ್ಲೇ ಉಳೀಬೇಕಂತನ ಕಲ್ತೇನ್ರಿ, ಅಪ್ಪಾ. ನೀವು ಒಮ್ಮಿನೂ ಕೇಳಲಿಲ್ಲ."

ಅಪ್ಪ ಗಾದಿಯ ಮೇಲೆ ಪಕ್ಕಕ್ಕೆ ಸರಿದರು. ಉಮಾಶ್ರೀ ಕೂತಳು. ಅವರು ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು.

ಚಹಾ ಕುಡಿದು ಬಂದ ಹನಮೇಶ ರೂಢಿಯಂತೆ ಹತ್ತಿಯನ್ನು ಅಪ್ಪನ ಮುಂದೆ ಚಾಚಿದ.

"ಅಕಿ ಕೈಯಾಗ ಕೊಡು" ಎಂದರು ಅಪ್ಪ.