ಎರಡು ಸಲ ಬಂದ ಮೆಸೇಜು

ದಸರೆಗೆ ಮೂರು ಬಂದರುಗಳ ಕಂಪ್ಯೂಟರನ್ನೂ ಕುಮಟೆಗೆ ತಂದು ಒಟ್ಟಿಗೆ ಆಯುಧಪೂಜೆ ಮಾಡಿಸಬೇಕೆಂದು ಹಟ ಹಿಡಿದವನು ಮಹಾಬಲ, ಮೀನುಗಾರರ ಸಂಘದ ಅಧ್ಯಕ್ಷ. ಕಂಪ್ಯೂಟರ್ ನೋಡಿಕೊಳ್ಳುವ ಸುಚಿತಾ ಬೇಡವೆಂದಳು.

"ಅವು ಬಂದ್ ಮಾಡೂ ಮಷೀನಲ್ಲ ಮಾಬ್ಲಣ್ಣ. ಕಿತ್ಕಂಡು ತರೂದು ಎಂತಕ್ಕೆ?"

"ಟೆಂಪೋಕ್ಕೆ ಪೂಜೆ, ಐಸ್ ಫ್ಯಾಕ್ಟರಿ ಮೋಟಾರಿಗೆ ಪೂಜೆ. ಜೀವ ಕಾಯೂ ಮಷೀನಿಗೆ ಇಲ್ಲ ಅಂದ್ರೆ ಹ್ಯಾಂಗೆ? ಮೂರು ಊರಲ್ಲಿ ಮೂರು ಭಟ್ರನ್ನ ನೀನು ಹುಡುಕ್ತ್ಯಾ?"

"ಆತು, ತನ್ನಿ. ಒಳಗೆ ಕುಂಕುಮ ಬಿದ್ರೆ ಮಾತ್ರ ನಾನು ಸೀದಾ ಮನೆಗೆ ಹೋಗ್ತೆ."

ಜೀವ ಕಾಯುವ ಮಷೀನು ಎಂದದ್ದು ಬಾಯಿಮಾತಲ್ಲ. ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಸಂಘದ ಒಂದೊಂದು ಕೋಣೆ, ಕೋಣೆಯಲ್ಲಿ ಒಂದು ಕಂಪ್ಯೂಟರ್, ಅದಕ್ಕೆ ಮೊಬೈಲ್ ಸಿಮ್ ಹಾಕಿದ ಮೋಡೆಮ್. ಆಯಾ ಬಂದರಿನ ಬೋಟುಗಳ ಫೋನ್ ನಂಬರುಗಳನ್ನು ಅಲ್ಲಿನ ಗುಮಾಸ್ತರೇ ಅದರೊಳಗೆ ತುಂಬಿದ್ದರು. ಗಾಳಿಯ ಮುನ್ಸೂಚನೆ ಬಂದರೆ ಸುಚಿತಾ ಕುಮಟೆಯ ಆಫೀಸಿನಿಂದ ಒಂದು ಆಜ್ಞೆ ಕೊಡುತ್ತಿದ್ದಳು. ಮೂರೂ ಕಡೆಯಿಂದ ಮೆಸೇಜು ಹೊರಡುತ್ತಿತ್ತು. ಸಮುದ್ರದಲ್ಲಿ ಫೋನ್ ಹತ್ತುವುದು ಕಷ್ಟ. ಮೆಸೇಜಾದರೆ ಕಾದಿದ್ದು, ಸಿಗ್ನಲ್ ಸಿಕ್ಕ ಗಳಿಗೆಯಲ್ಲಿ ಒಳಗೆ ಬೀಳುತ್ತದೆ. ಶುರುವಾದಂದಿನಿಂದ ಅದು ಒಮ್ಮೆಯೂ ತಪ್ಪಿರಲಿಲ್ಲ. ಬೋಟು ನಡೆಸುವ ತಾಂಡೇಲರು ಆಕಾಶ ನೋಡುವುದನ್ನು ಕಡಿಮೆ ಮಾಡಿದ್ದರು.

ಸುಚಿತಾಳ ಮನೆ ಮಂಕಿ ಎಂಬ ಊರಿನಲ್ಲಿ. ಅವಳ ಅಣ್ಣ ವೆಂಕಟ ಭಟ್ಕಳದ ಬೋಟಿಗೆ ಹೋಗುವವನು.

ಮೊದಮೊದಲು ಏನಾದರೂ ಬದಲಿಸಬೇಕಾದರೆ ಅವಳು ಸಿ.ಡಿ.ಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಕಿತ್ತು. ಆಮೇಲೆ, ಕುಮಟೆಯಲ್ಲಿ ಕೂತೇ ದೂರದ ಕಂಪ್ಯೂಟರಿನೊಳಗೆ ಹೋಗಲು, ಎಸ್ಸೆಸ್ಸೆಚ್ ಕೀಲಿ ಮಾಡಿಕೊಂಡಳು. ಅದರ ಗುಟ್ಟಿನ ಭಾಗ ಕುಮಟೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಭಾಗ ಮೂರೂ ಬಂದರುಗಳಲ್ಲಿ. ಎರಡೂ ಹೊಂದಿದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತಿದ್ದವು. ಮಾಡಬೇಕಾದ ಕೆಲಸವನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟಳು: ಹಳೆಯದನ್ನು ಅಳಿಸು, ಹೊಸದನ್ನು ಹಾಕು, ಕೊಟ್ಟ ನಂಬರು ತುಂಬು, ಚಾಲೂ ಮಾಡು. ಊರಿನ ಹೆಸರು ಕೊಟ್ಟು ಎಂಟರ್ ಒತ್ತಿದರೆ ಸಾಕು.

ಒಂದು ತಲೆನೋವು ಇತ್ತು. ಪ್ರತಿ ಯಂತ್ರಕ್ಕೂ ಅದರದೇ ಗುರುತು ಇರುತ್ತದೆ. ಗೊತ್ತಿದ್ದ ವಿಳಾಸದಲ್ಲಿ ಬೇರೆ ಗುರುತಿನ ಯಂತ್ರ ಸಿಕ್ಕರೆ ಎಸ್ಸೆಸ್ಸೆಚ್ ಪರದೆ ತುಂಬ ಎಚ್ಚರಿಕೆ ಬರೆದು ಅಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ಬೋಟುಗಳೆಲ್ಲ ದಡದಲ್ಲಿದ್ದಾಗ ಅವಳು ಮೂರನ್ನೂ ಮತ್ತೆ ಮತ್ತೆ ಅಳಿಸಿ ಹೂಡಿ ಪರೀಕ್ಷೆ ಮಾಡಿದ್ದಳು. ಪ್ರತಿ ಸಲವೂ ಗುರುತು ಬದಲು, ಪ್ರತಿ ಸಲವೂ ಎಚ್ಚರಿಕೆ. ಬೇಸತ್ತು, ಗುರುತು ಕೇಳಬೇಡ ಎಂದು ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು. ಪರೀಕ್ಷೆ ಮುಗಿದ ಮೇಲೆ ಗುಮಾಸ್ತರು ತಮ್ಮ ತಮ್ಮ ನಂಬರುಗಳನ್ನು ಹೊಸದಾಗಿ ತುಂಬಿದರು, ಬೋಟುಗಳು ನೀರಿಗಿಳಿದವು. ಸಾಲು ಉಳಿಯಿತು.

ಪೂಜೆಯ ದಿನ ಮೂರು ಬಿಳಿ ಡಬ್ಬಿಗಳು ಬಾಳೆಲೆಯ ಮೇಲೆ ಕೂತವು. ಮೋಡೆಮ್, ವೈರುಗಳೆಲ್ಲ ಸಿಮ್ ಮತ್ತು ವಿಳಾಸದ ಸಮೇತ ಬಂದರಿನಲ್ಲೇ ಉಳಿದಿದ್ದವು. ಡಬ್ಬಿಗಳಿಗೆ ಊರಿನ ಹೆಸರಿನ ಚೀಟಿ ಅಂಟಿಸಿತ್ತು. ಭಟ್ಟರು ಚೀಟಿಯ ಮೇಲೆಯೇ ಗಂಧ ಬಳಿದು ಕುಂಕುಮ ಹಚ್ಚಿದರು. ಶಾಯಿ ಕರಗಿತು. ತದಡಿಯದು ಬೇರೆ ದಿಕ್ಕಾದ್ದರಿಂದ ಅದು ಬೇರೆ ಹೋಯಿತು. ಉಳಿದೆರಡನ್ನು ಟೆಂಪೋದ ದುರ್ಗಪ್ಪ ಒಯ್ದ. ಹೊನ್ನಾವರದಲ್ಲಿ ಬಾಗಿಲಿನ ಹತ್ತಿರ ಇದ್ದದ್ದನ್ನು ಇಳಿಸಿದ, ಇನ್ನೊಂದನ್ನು ಭಟ್ಕಳಕ್ಕೆ ಮುಟ್ಟಿಸಿದ. ಅದಲುಬದಲಾಯಿತು. ಯಾರಿಗೂ ಗೊತ್ತಾಗಲಿಲ್ಲ, ಗುಮಾಸ್ತರು ವೈರು ಸಿಕ್ಕಿಸಿದರು, ದೀಪ ಹತ್ತಿತು.

ಅದೇ ವಾರ ಹೊನ್ನಾವರದಿಂದ ಎಲ್ಲ ಬೋಟುಗಳ ನಂಬರಿನ ಹೊಸ ಪಟ್ಟಿ ಬಂತು. ಯಾವುದೋ ಕಂಪನಿ ಅಗ್ಗಕ್ಕೆ ಸಿಮ್ ಕೊಟ್ಟಿತೆಂದು ಅಲ್ಲಿ ಅರ್ಧಕ್ಕರ್ಧ ಬೋಟಿನವರು ನಂಬರು ಬದಲಿಸಿದ್ದರು. ಹಳೆಯದನ್ನು ತಿದ್ದುತ್ತ ಕೂರುವ ಬದಲು ಸುಚಿತಾ ಸ್ಕ್ರಿಪ್ಟಿಗೆ ಹೊನ್ನಾವರ ಎಂದು ಹೇಳಿ ಎಂಟರ್ ಒತ್ತಿದಳು. ಅದು ಹೊನ್ನಾವರದ ಕೋಣೆಗೆ ಹೋಯಿತು, ಗುರುತು ಕೇಳಲಿಲ್ಲ, ಅಲ್ಲಿನ ಡಬ್ಬಿಯಲ್ಲಿದ್ದ ಭಟ್ಕಳದ ನಂಬರುಗಳನ್ನು ಅಳಿಸಿ ಹೊಸ ಪಟ್ಟಿ ತುಂಬಿತು. ಅಳಿಸಿದವುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಪರದೆಯಲ್ಲಿ 'ಮುಗಿಯಿತು' ಎಂದು ಬಂತು. ಅವಳು ಚಹಾಕ್ಕೆ ಹೋದಳು.

ವೆಂಕಟ ಮನೆಗೆ ಬಂದಾಗ ಖುಷಿಯಲ್ಲಿದ್ದ. "ದಸರೆ ಮುಗಿದ ಮೇಲೆ ನಿನ್ನ ಮೆಸೇಜೇ ಇಲ್ಲ. ನಮ್ಮ ತಾಂಡೇಲ ಈಗ ಮತ್ತೂ ದೂರ ಹೋಗ್ತ."

"ಗಾಳಿ ಇದ್ರೆ ಅಲ್ದಾ ಮೆಸೇಜು?"

"ಅದೇ ಹೇಳೂದು. ಬಾರದಿದ್ರೆ ಧೈರ್ಯ." ಬಂಗುಡೆ ಸಾರು ಸುರಿದುಕೊಂಡು ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಆಮೇಲೊಂದು ದಿನ ಐಸ್ ಫ್ಯಾಕ್ಟರಿ ರಜೆಯೆಂದು ಮೂರೂ ಕಡೆಗೆ ಮೆಸೇಜು ಹೋಯಿತು. ಹೊನ್ನಾವರದ ತಾಂಡೇಲ ಜಗದೀಶ ಏನೋ ಕೆಲಸಕ್ಕೆ ಆಫೀಸಿಗೆ ಬಂದವನು ಕಿಟಕಿಯಲ್ಲಿ ತಲೆ ಹಾಕಿದ. ಅವನು ಸಿಮ್ ಬದಲಿಸಿದವನಲ್ಲ.

"ಏ ಸುಚಿ, ನಿನ್ನ ಕಂಪ್ಯೂಟರಿಗೆ ಅರಳು ಮರಳಾ? ಒಂದೇ ಮಾತು ಎರಡೆರಡು ಸಲ ಹೇಳ್ತದೆ."

"ಗಂಡಸ್ರಿಗೆ ಒಂದು ಸಲ ಹೇಳಿದ್ರೆ ತಲೆಗೆ ಹೋಗ್ತದ್ಯಾ ಜಗ್ಗಣ್ಣ?"

ಇಬ್ಬರೂ ನಕ್ಕರು. ಮೊಬೈಲ್ ಕಂಪನಿಯ ಗೋಳು ಎಂದು ಅವಳು ಅಲ್ಲಿಗೇ ಬಿಟ್ಟಳು.

ನವೆಂಬರಿನಲ್ಲಿ ಮುನ್ಸೂಚನೆ ಬಂತು. ಸಂಜೆಯೊಳಗೆ ದೊಡ್ಡ ಗಾಳಿ, ಬೋಟುಗಳು ಕೂಡಲೇ ಹಿಂದಿರುಗಬೇಕು. ಸುಚಿತಾ ಬೆಳಿಗ್ಗೆಯೇ ಕಳಿಸಿದಳು. ತದಡಿ ಮುಗಿಯಿತು, ಹೊನ್ನಾವರ ಮುಗಿಯಿತು, ಭಟ್ಕಳ ಮುಗಿಯಿತು. ಮಧ್ಯಾಹ್ನದ ಮೇಲೆ ಜಗದೀಶ ಫೋನ್ ಮಾಡಿದ.

"ದಡಕ್ಕೆ ಬಂದ್ವಿ ಮಾರಾಯ್ತಿ. ಎರಡು ಸಲ ಹೆದರಿಸಿದ್ರೆ ಬಾರದೆ ಎಂತ ಮಾಡೂದು? ಅದೂ ಎರಡು ಬೇರೆ ಬೇರೆ ನಂಬರಿಂದ."

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಎರಡನೇ ನಂಬರು ಓದಿ."

ಅವನು ಓದಿದ. ಅದು ಭಟ್ಕಳದ ಕೋಣೆಯ ಸಿಮ್.

ಗುರುತು ಕೇಳಬೇಡ ಎಂಬ ಸಾಲನ್ನು ಕಿತ್ತು ಅವಳು ಭಟ್ಕಳಕ್ಕೆ ಹೊಕ್ಕಳು. ಪರದೆ ತುಂಬ ಎಚ್ಚರಿಕೆ: ಇದು ನಿನಗೆ ಗೊತ್ತಿದ್ದ ಯಂತ್ರವಲ್ಲ. ಹೊನ್ನಾವರಕ್ಕೆ ಹೊಕ್ಕಳು. ಅದೇ ಎಚ್ಚರಿಕೆ. ಎಚ್ಚರಿಕೆ ದಾಟಿ ನೋಡಿದರೆ, ಭಟ್ಕಳದ ಕೋಣೆಯ ಯಂತ್ರದೊಳಗೆ ಇದ್ದದ್ದೆಲ್ಲ ಹೊನ್ನಾವರದ ಬೋಟುಗಳ ಹಳೆಯ ನಂಬರುಗಳು. ಭಟ್ಕಳದ್ದು ಒಂದೂ ಇರಲಿಲ್ಲ. ಅಳಿಸಿದವಳು ತಾನೇ ಎಂಬುದು ತಿಳಿಯಲು ಹೊತ್ತು ಹಿಡಿಯಲಿಲ್ಲ.

ಭಟ್ಕಳದ ಗುಮಾಸ್ತನಿಗೆ ಫೋನ್ ಮಾಡಿದಳು. ಅವನು ಬಂದರಿಗೆ ಓಡಿದ. ಬೋಟಿನ ಮಾಲೀಕರನ್ನು ಹಿಡಿದು ಒಬ್ಬೊಬ್ಬರಿಂದ ಫೋನ್ ಮಾಡಿಸಿದ. ಒಂದೂ ಹತ್ತಲಿಲ್ಲ. ಬೋಟುಗಳ ವೈರ್‌ಲೆಸ್ಸು ದಡದವರೆಗೆ ಮುಟ್ಟುವುದಿಲ್ಲ. ಬೆಳಿಗ್ಗೆ ಹೊರಟಿದ್ದರೆ ಮೆಸೇಜು ಎಲ್ಲೋ ಒಂದು ಕಡೆ ಒಳಗೆ ಬೀಳುತ್ತಿತ್ತು; ಈಗ ಬೋಟುಗಳು ಸಿಗ್ನಲ್ ದಾಟಿ ಹೋಗಿದ್ದವು. ಭಟ್ಕಳದ ನಂಬರುಗಳಲ್ಲಿ ಅವಳಿಗೆ ಬಾಯಿಪಾಠವಿದ್ದದ್ದು ಒಂದೇ, ಅಣ್ಣನದು. ಅದಕ್ಕೆ ಕಳಿಸಿದಳು.

ಬಹಳ ಹೊತ್ತಿನ ಮೇಲೆ ಅವಳ ಫೋನ್ ಬಡಿದುಕೊಂಡಿತು. ವೆಂಕಟನ ದನಿ ಒಡೆದು ಒಡೆದು ಬರುತ್ತಿತ್ತು.

"ಸುಚಿ, ಇದು ಎಂತದೇ? ಗಾಳಿ ಅಂತ ನಂಗೊಬ್ಬಂಗೇ ಬಂದದೆ."

"ಅಣ್ಣ, ಬೋಟು ತಿರುಗ್ಸಿ. ವೈರ್‌ಲೆಸ್ಸಲ್ಲಿ ಎಲ್ಲರಿಗೂ ಹೇಳು."

"ಹೇಳ್ದೆ. ನಗಾಡ್ತ್ರು. ತಂಗಿ ನೆನಪಾದ್ರೆ ಮನೆಗೆ ಹೋಗಿ ಮಲಗು ಅಂತ್ರು. ಕಂಪ್ಯೂಟರು ತಪ್ಪೂದಿಲ್ಲ, ನಮಗೆ ಬರ್ಲಿಲ್ಲ ಅಂದ್ರೆ ಗಾಳಿ ಇಲ್ಲ ಅಂತ್ರು."

"ನಂಬರು ನಾನು ಅಳಿಸಿದ್ದು. ಅದಕ್ಕೇ ಬರ್ಲಿಲ್ಲ. ಹಾಂಗೇ ಹೇಳು."

"ನಮ್ಮ ತಾಂಡೇಲನೂ ಬಲೆ ಎತ್ತೂದಿಲ್ಲ ಅಂತ. ತಡಿ, ಅವಂಗೆ ಫೋನ್ ಕೊಡ್ತೆ. ನೀನೇ ಹೇಳು."

ಫೋನ್ ಕೈ ಬದಲಾಗುವ ಸದ್ದು ಬಂತು. ಇಂಜಿನ್ನಿನ ಸದ್ದು. ಒರಟು ದನಿಯೊಂದು "ಯಾರದು?" ಎಂದಿತು.

"ನಾನು ಸಂಘದಿಂದ—" ಎನ್ನುವಷ್ಟರಲ್ಲಿ ಕಡಿದುಹೋಯಿತು.

ಮತ್ತೆ ಒತ್ತಿದಳು. ವ್ಯಾಪ್ತಿಯ ಹೊರಗೆ. ಮತ್ತೆ ಒತ್ತಿದಳು.

ಮಹಾಬಲ ಬಾಗಿಲಲ್ಲಿ ಬಂದು ನಿಂತ. "ತದಡಿಯವ್ರು ಬಂದ್ರು, ಹೊನ್ನಾವರದವ್ರೂ ಬಂದ್ರಂತೆ. ಭಟ್ಕಳದವು ಒಂದೂ ಬರ್ಲಿಲ್ಲ. ಮೆಸೇಜು ಹೋದ ಮೇಲೂ ಕೇಳೂದಿಲ್ಲ ಅಂದ್ರೆ ಅವರ ಸೊಕ್ಕು ನೋಡು."

"ಹೋಗ್ಲಿಲ್ಲ ಮಾಬ್ಲಣ್ಣ."

"ಹಾಂ?"

ಬೆಳಿಗ್ಗೆಯ ಸಾಲು ಪರದೆಯ ಮೇಲೆ ಹಾಗೇ ಇತ್ತು: ಭಟ್ಕಳ ಮುಗಿಯಿತು. ಅವಳು ಬೆರಳು ತೋರಿಸಿದಳು, ಆದರೆ ಮಹಾಬಲ ಅದನ್ನು ಓದಿ, ಸರಿಯಾಗಿಯೇ ಇದೆಯಲ್ಲ ಎನ್ನುವಂತೆ ಅವಳ ಮುಖ ನೋಡಿದ. ಹೊರಗೆ ಮೀನು ಮಾರ್ಕೆಟಿನ ಮಾಡಿನ ತಗಡೊಂದು ಎದ್ದು ಬಡಿಯಿತು. ಆಮೇಲೆ ಇನ್ನೊಂದು.