ಬೊಗಸೆ ಕೂಡದ ಕೈ

ಒಂದಾನೊಂದು ಊರಿನಲ್ಲಿ ಒಬ್ಬ ಅರ್ಧ ಮನುಷ್ಯನಿದ್ದ. ಅವನಿಗೆ ಆ ಹೆಸರಿಟ್ಟವನು ರಾಜನಲ್ಲ, ರಾಕ್ಷಸನೂ ಅಲ್ಲ. ಕಲಘಟಗಿ ಸೀಮೆಯ ಕಬ್ಬಿನ ಧಣಿ ಈರಬಸಪ್ಪ.

"ಎರಡೂ ಕೈ ಹಿಡಿಯಲೇ ಅರ್ಧಾ ಮನಶ್ಯಾ! ಒಂದ ಕೈ ಎತ್ತಿ ನನಗ ಆಶೀರ್ವಾದ ಮಾಡಾಕತ್ತೀಯೇನ್ ಸೂಳಿಮಗನ?"

ಧಣಿಯ ಮನೆಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ಲಕ್ಷ್ಮಣಪ್ಪ ಎಡಗೈಯೊಂದನ್ನೇ ಚಾಚಿದ. ಲಕ್ವಾ ಹೊಡೆದಾಗಿನಿಂದ ಬಲಗೈ ಒದ್ದೆ ಬಟ್ಟೆಯ ಹಾಗೆ ಮೈಗೆ ಜೋತುಬಿದ್ದಿತ್ತು. ಕೇರಿಯವರಿಗೆ ಆ ಮನೆಯಲ್ಲಿ ಲೋಟವಿಲ್ಲ. ಕಟ್ಟೆಯ ಮೇಲಿಂದ ಸುರಿಯುತ್ತಾರೆ, ಬೊಗಸೆಯಲ್ಲಿ ಹಿಡಿದು ಕುಡಿಯಬೇಕು. ಧಣಿಯ ಹೆಂಡತಿ ಶಿವಗಂಗವ್ವ ತಂಬಿಗೆ ಬಗ್ಗಿಸಿದಳು. ನೀರು ಬೆರಳ ಸಂದಿಯಿಂದ ಮೊಣಕೈಗೆ ಇಳಿದು ಮಣ್ಣು ಸೇರಿತು. ಪಡಸಾಲೆಯಲ್ಲಿದ್ದವರು ನಕ್ಕರು.

ಸಗಣಿ ಬಳಿಯುತ್ತಿದ್ದ ಮರೆವ್ವ ಗಂಡ ಲಕ್ಷ್ಮಣಪ್ಪನ ಮುಖ ನೋಡಲಿಲ್ಲ. ನೋಡಿದರೆ ಅವನು ಅಳುತ್ತಾನೆ. ಮನೆಯಲ್ಲಿ ಒಬ್ಬನನ್ನೇ ಬಿಟ್ಟರೆ ಗೋಡೆಗೆ ತಲೆ ಜಜ್ಜಿಕೊಳ್ಳುತ್ತಾನೆಂದು ಕೆಲಸಕ್ಕೂ ಜೊತೆಗೇ ಕರೆತರುತ್ತಿದ್ದಳು.

ಸಂತೆಯ ದಿನ ಇಬ್ಬರೂ ಬಸ್ಸು ಹತ್ತಿ ಕಲಘಟಗಿಗೆ ಹೋಗುತ್ತಿದ್ದರು. ಅಲ್ಲಿಯ ಸರ್ಕಾರಿ ದವಾಖಾನೆಯಲ್ಲಿ ತಬಸುಮ್ ಎಂಬ ಹುಡುಗಿ ಲಕ್ವಾ ಹೊಡೆದವರಿಗೆ ವ್ಯಾಯಾಮ ಕಲಿಸುತ್ತಿದ್ದಳು. ಎಲ್ಲರೂ ರಬ್ಬರ್ ಚೆಂಡು ಹಿಸುಕಿದರೆ, ಲಕ್ಷ್ಮಣಪ್ಪ ಉರುಳಿಹೋದ ಚೆಂಡನ್ನು ಸುಮ್ಮನೆ ನೋಡುತ್ತ ಕೂರುತ್ತಿದ್ದ.

"ಕೈಯಾಗ ಕಸುವು ಬರಾಕತ್ತೈತ್ರಿ ಕಾಕಾ. ನೀವ ಹಿಡಿವಲ್ರಿ. ಯಾಕ್ರಿ?"

ಸೊಟ್ಟ ತುಟಿಯಿಂದ ಮಾತು ಎಳೆಎಳೆಯಾಗಿ ಬಂತು. "ಕೈ ಬಂದ್ರ ಏನ್ ಮಾಡ್ಲಿ ಯವ್ವಾ? ಮತ್ತ ಬೊಗಸಿ ಹಿಡೀಲೇನು?"

ತಬಸುಮ್‌ಗೆ ತಿಳಿಯಲಿಲ್ಲ. ಮರೆವ್ವನಿಗೆ ತಿಳಿಯಿತು. ಇಷ್ಟು ದಿನ ಇವನನ್ನು ಮೈಗಳ್ಳ ಎಂದು ಬೈದಿದ್ದಳಲ್ಲ! ಅಂಗಳದ ಸಂಗತಿಯನ್ನು ಅವಳೇ ಹುಡುಗಿಗೆ ಬಿಡಿಸಿ ಹೇಳಿದಳು.

ಹುಡುಗಿ ಚೆಂಡನ್ನು ಬದಿಗಿಟ್ಟಳು. ತಾನು ಕುಡಿಯುವ ಲೋಟ ತಂದು ಅವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಅದಕ್ಕೆ ಸುತ್ತಿಸಿದಳು. "ಬೊಗಸಿ ಹಾಳಾಗಿ ಹೋಗ್ಲಿ. ಈ ಕೈಲೆ ನೀರ ಎತ್ತಿ ಕುಡೀತೀನಂತ ನನಗ ಮಾತ ಕೊಡ್ರಿ."

"ಎಲ್ಲಿ ಕುಡೀಲಿ?"

"ಎಲ್ಲಿ ನೀರಡಿಕಿ ಆಗತೈತಿ, ಅಲ್ಲಿ."

ಮಾತು ಕೊಟ್ಟ. ಅಂದಿನಿಂದ ಮನೆಯಲ್ಲಿ ಲೋಟ ಜಾರಿ ಹಾಸಿಗೆ ನೆನೆಯಿತು, ಒಲೆಯ ಬೂದಿ ನೆನೆಯಿತು. ಒಮ್ಮೊಮ್ಮೆ ಲೋಟ ಎಸೆದು ಕೂಸಿನ ಹಾಗೆ ಬಿಕ್ಕುತ್ತಿದ್ದ.

"ಅಳು. ಅತ್ತ ಮುಗದ ಮ್ಯಾಲೆ ಹಿಡಿ. ನಾ ಎಲ್ಲೂ ಹೋಗಂಗಿಲ್ಲ," ಅನ್ನುತ್ತಿದ್ದಳು ಮರೆವ್ವ. ಧಣಿಯ ಅಂಗಳದಲ್ಲಿ ಮಾತ್ರ ಅವನು ನೀರು ಬೇಡುವುದನ್ನೇ ಬಿಟ್ಟ.

ಕಬ್ಬು ಕಡಿಯುವ ಕಾಲ ಬಂತು. ಒಂದು ಮಧ್ಯಾಹ್ನ ಶಿವಗಂಗವ್ವ ಕಟ್ಟೆಯ ಮೇಲೆ ತಂಬಿಗೆ ಇಟ್ಟು ಆಳುಗಳನ್ನು ಕರೆದಳು. ಎಲ್ಲರಿಗಿಂತ ಮೊದಲು ಎದ್ದವನು ಲಕ್ಷ್ಮಣಪ್ಪ. ಕಾಲೆಳೆಯುತ್ತ ಬಂದು, ಬಲಗೈ ಚಾಚಿ, ತಂಬಿಗೆಯ ಕೊರಳಿಗೆ ಬೆರಳು ಸುತ್ತಿದ.

"ಮುಟ್ಟಿದೇನಲೇ! ಇಡಲೇ ಕೆಳಗ!" ಈರಬಸಪ್ಪ ಬಾರುಕೋಲು ಹಿಡಿದು ಪಡಸಾಲೆಯಿಂದ ಇಳಿದ.

ಮರೆವ್ವ ಸಗಣಿ ಬುಟ್ಟಿ ಎಸೆದು ನಡುವೆ ಬಂದು ನಿಂತಳು. "ಅಂವಾ ಕುಡೀಲ್ರಿ ಧಣ್ಯಾರ. ಹೊಡದ್ರ ನನ್ನ ಹೊಡೀರಿ."

ಏಟು ಅವಳ ಹೆಗಲಿಗೆ ಬಿತ್ತು. ಬೆನ್ನ ಹಿಂದೆ ತಂಬಿಗೆ ಹಲ್ಲಿಗೆ ತಾಗಿದ ಸದ್ದು, ನೀರು ಅಂಗಿಯ ಮೇಲೆ ಚೆಲ್ಲಿದ ಸದ್ದು. ಮತ್ತೊಂದು ಏಟು ಬಿತ್ತು. ಅವಳು ಕದಲಲಿಲ್ಲ, ಕಣ್ಣು ಮುಚ್ಚಿ ಕಿವಿಗೊಟ್ಟಳು. ಒಂದು ಗುಟುಕು ಇಳಿಯಿತು. ತಡೆದು, ಉಸಿರೆಳೆದು, ಇನ್ನೊಂದು.