ಮುಷ್ಟಿಯ ಸಂದು

ಬಸ್ಸಿನ ಕಿಟಕಿಯ ಸರಳು ತಣ್ಣಗಿದೆ, ಊದಿದ ಬೆರಳಿಗೆ ಹಿತವಾಗಿದೆ, ಸೊಲ್ಲಾಪುರದ ಎಂಐಡಿಸಿ ಕಾರ್ಖಾನೆಗಳ ಮಗ್ಗಗಳ ಖಟಖಟ ಹಿಂದೆ ಉಳಿಯಿತು, ಇನ್ನು ಅಕ್ಕಲಕೋಟ, ಆಮೇಲೆ ಕರಜಗಿ, ಅಷ್ಟರಲ್ಲಿ ಎಮ್ಮೆ ಕೊಳ್ಳುವವನು ಮನೆಗೆ ಬಂದು ಕೂತಿರುತ್ತಾನೆ — ಕೂತಿರಲಿ, ಚಹಾ ಕುಡಿದು ಹೋಗಲಿ, ನೀಲಾಬಾಯಿ ತನ್ನ ಎಮ್ಮೆ ಚಂದ್ರಿಯ ಹಗ್ಗ ಬಿಚ್ಚಿ ಕೊಡುವವಳಲ್ಲ. ನಿನ್ನ ಕೈಲೆ ಇನ್ನ ಹಿಂಡೂದು ಆಗೂದಿಲ್ಲ, ಆ ಎಮ್ಮಿ ಬ್ಯಾರೇದವ್ರ ಕೈಗೆ ಹಾಲ ಇಳಸೂದಿಲ್ಲ, ಇಟ್ಕೊಂಡು ಏನ ಮಾಡೂದು, ಅಂದಿದ್ದ ಗಂಡ ಕಲ್ಲಣ್ಣ, ಮುಂಜಾನೆ ಬಸ್ಸು ಹತ್ತಿಸುವಾಗ. ಕೈ ಅವಳದು, ಎಮ್ಮೆ ಅವಳು ಸಾಕಿದ್ದು, ತೀರ್ಮಾನ ಮಾತ್ರ ಅವನದಂತೆ. ಮೂಠ ವಳಾ, ಅಂದರು ಮರಾಠಿಯಲ್ಲಿ ಸೊಲ್ಲಾಪುರದ ಡಾಕ್ಟರು, ಮುಷ್ಟಿ ಕಟ್ಟಬೇಕಂತವ್ವಾ, ಅಂದಳು ಅಲ್ಲೇ ಬಿಎಸ್ಸಿ ಓದುವ ಮಗಳು ಶ್ರದ್ಧಾ, ಕಟ್ಟಿದಳು, ಬೆರಳು ಅಂಗೈ ಮುಟ್ಟಲಿಲ್ಲ, ನಡುವೆ ಉಳಿದ ಸಂದಿನಲ್ಲಿ ಡಾಕ್ಟರು ತಮ್ಮ ಪೆನ್ನು ತೂರಿಸಿ ಆಚೆಗೆ ತೆಗೆದರು — ಎಂಥ ಅವಮಾನ, ಇಪ್ಪತ್ತೈದು ವರ್ಷ ಹಾಲು ಹಿಂಡಿದ ಮುಷ್ಟಿಯಲ್ಲಿ ಪೆನ್ನು ಓಡಾಡುವುದೆಂದರೆ. ಮಣಿಕಟ್ಟಿನ ಸುಟ್ಟ ಕಲೆ ನೋಡಿ ಬೈದರು ಬೇರೆ, ವಾಯುವೆಂದು ತಿಳಿದು, ನೆರೆಮನೆಯ ಅಕ್ಕನಾಗಮ್ಮ ಹೇಳಿದಳೆಂದು, ಎರಡು ವರ್ಷ ಕೇರುಬೀಜದ ಎಣ್ಣೆ ಹಚ್ಚಿಕೊಂಡಿದ್ದಳು ನೀಲಾಬಾಯಿ, ತೊಗಲು ಸುಟ್ಟಿತು, ನೋವು ಒಳಗೇ ಕುಳಿತಿತು.

ಇದು ವಾಯು ಅಲ್ಲವ್ವಾ, ರೋಗದ ಜೋಡಿ ಬಡದಾಡಾಕ ನೆತ್ತರದಾಗ ಕಾವಲಿನ ಜೀವಕೋಶ ಅದಾವ, ದಾರಿ ಮಾಡ್ಕೊಳ್ಳಾಕ ಅವು ಒಂದ ಥರಾ ಪ್ರೋಟೀನ್ ಬಿಡತಾವ, ಕತ್ತರಿ ಇದ್ದಂಗ, ಸುತ್ತಲಿನ ಹಂದರ ಕತ್ತರಸತಾವ, ಕೆಲಸ ಮುಗದ ಮ್ಯಾಲ ನಿಲ್ಲಬೇಕು, ನಿನ್ನ ಕೀಲಿನಾಗ ನಿಂತಿಲ್ಲ, ಮೆತ್ತನ್ನ ಎಲುಬು ತಿನ್ನಾಕತ್ತಾವ, ಅಂತ ಬಿಡಿಸಿ ಹೇಳಿದ್ದಳು ಶ್ರದ್ಧಾ. ಅಂದರೆ ಮನೆಯವರೇ, ಅವಳ ಅನ್ನ ಉಂಡು ಅವಳದೇ ಗೋಡೆ ಕೆಡವುವವರು, ಹೊರಗಿನವರಾಗಿದ್ದರೆ ಬೈದು ಅಟ್ಟುತ್ತಿದ್ದಳು — ಈಗಲೂ ಬೈಯುತ್ತಾಳೆ, ಯಾರ ಅಂಜಿಕೆ, ಭಾಡ್ಯಾಗೋಳ್ರಾ, ಇಳೀರಿ ನನ್ನ ಕೈ ಬಿಟ್ಟು. ಡಾಕ್ಟರು ಬರೆದುಕೊಟ್ಟದ್ದು ವಾರಕ್ಕೊಂದು ಗುಳಿಗೆ, ಸೋಮವಾರ ಸೋಮವಾರ ನುಂಗುತ್ತಾಳೆ, ಸವೆದುಹೋದದ್ದು ತಿರುಗಿ ಬರುವುದಿಲ್ಲವಂತೆ, ಉಳಿದದ್ದನ್ನು ಬಿಟ್ಟುಕೊಡುವುದಿಲ್ಲ, ಪೆನ್ನು ಓಡಾಡಿದ ಸಂದು, ಥೂ, ಮತ್ತೆ ಅದೇ ಕಣ್ಣಿಗೆ ಬರುತ್ತದೆ.

ಮನೆ ಮುಟ್ಟಿದರೆ ಕೊಳ್ಳುವವನು ಕಟ್ಟೆಯ ಮೇಲೆ ಕೂತೇ ಇದ್ದಾನೆ, ಕೈಯಲ್ಲಿ ಚಹಾದ ಕಪ್ಪು-ಬಸಿ, ಚಂದ್ರಿ ಅವಳ ಸಪ್ಪಳಕ್ಕೆ ಕಿವಿ ತಿರುಗಿಸಿತು, ಬುದ್ಧಿವಂತೆ, ಬಕೀಟು ಎಲ್ಲಿ, ಸಂಜೆ ಬೆರಳು ಮುಂಜಾನೆಯಷ್ಟು ಸೆಟೆಯುವುದಿಲ್ಲ, ಏ, ಕೈ ನೋಯ್ತದ, ಬಿಡು, ಅಂತಾನೆ ಕಲ್ಲಣ್ಣ, ನೋವು ನಂದದ, ನೀವು ಸುಮ್ಮ ಕೂಡ್ರಿ, ಎಮ್ಮಿ ಮಾರೂದಿಲ್ಲ ಅಂತ ಅವ್ರಿಗಿ ಹೇಳ್ರಿ. ಹಣೆ ಎಮ್ಮೆಯ ಹೊಟ್ಟೆಗೆ ಆನಿಸಿದಳು, ಬೆಚ್ಚಗಿದೆ, ಮೊಲೆ ಹಿಡಿದಳು, ಬೆರಳು ಮಡಿಸಿದಳು, ಜೀವ ಹೋಗುವಂಥ ನೋವು, ಆದರೆ ಇದೇನು, ಹಾಲು ಹಿಂಡಲು ಮುಷ್ಟಿ ಪೂರ್ತಿ ಮುಚ್ಚುವುದು ಯಾರಿಗೆ ಬೇಕಾಗಿತ್ತು, ಚೊರ್ ಎಂದು ಬಕೀಟಿಗೆ ಒಂದು ಧಾರೆ, ಇನ್ನೊಂದು — ಪೆನ್ನು ಓಡಾಡಿದ ಆ ಸಂದು, ಅದರ ತುಂಬ ಈಗ ಚಂದ್ರಿಯ ಮೊಲೆ, ಆ ಸಂದು —